ಹಳೆಯ ಪೆಟ್ಟಿಗೆ, ಬದಲಿ ಬೋರ್ಡು

ಹತ್ತು ಹದಿನೈದು ವರ್ಷ ದುಡಿದ ಡೆಸ್ಕ್‌ಟಾಪ್ ಕಂಪ್ಯೂಟರಿನ ಮದರ್‌ಬೋರ್ಡು ಕೆಟ್ಟು, ಅದಕ್ಕೊಂದು ಬದಲಿಯನ್ನು ಅರಸುತ್ತ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗೆ ಹೋದವನು ಮೊದಲು ಎದುರಿಸಬೇಕಾಗುವುದು ಬೆಲೆಯನ್ನಲ್ಲ, ಪ್ರಶ್ನೆಗಳನ್ನು. “ಯಾವ ಸಾಕೆಟ್ ಸಾರ್? ರ‍್ಯಾಮ್ ಡಿಡಿಆರ್ ಎರಡೋ ಮೂರೋ? ಕ್ಯಾಬಿನೆಟ್ ದೊಡ್ಡದೋ ಚಿಕ್ಕದೋ?” ಎಂದು ಅಂಗಡಿಯವರು ಒಂದೇ ಉಸಿರಿನಲ್ಲಿ ಕೇಳುವಾಗ, ಗಿರಾಕಿಗೆ ಅದು ವ್ಯಾಪಾರಿಯ ಅವಸರವೆಂದು ತೋರುವುದು ಸಹಜ, ಆದರೆ ಆ ಪ್ರಶ್ನೆಗಳಲ್ಲಿ ಒಂದೊಂದೂ ಒಂದೊಂದು ಕಾಲದಲ್ಲಿ ಕಂಪನಿ ಕಂಪನಿಗಳ ನಡುವೆ ಏರ್ಪಟ್ಟ ಒಪ್ಪಂದದ, ಇಲ್ಲವೆ ಮುರಿದುಬಿದ್ದ ಸ್ನೇಹದ ಶೇಷವಾಗಿದೆ. ಬೋರ್ಡು ಹಳೆಯ ಪೆಟ್ಟಿಗೆಗೆ ಏಕೆ ಹೊಂದುತ್ತದೆ, ಏಕೆ ಹೊಂದುವುದಿಲ್ಲ ಎಂಬುದನ್ನು ಬಲ್ಲವರು ಆ ಚರಿತ್ರೆಯನ್ನೂ ಅಷ್ಟಿಷ್ಟು ಬಲ್ಲವರೇ ಆಗಿರುತ್ತಾರೆ.

ಈ ಬೋರ್ಡುಗಳ ವಂಶದ ಮೂಲಪುರುಷನು ಜನಿಸಿದುದು ಅಮೆರಿಕದ ಫ್ಲಾರಿಡಾ ಪ್ರಾಂತದ ಬೋಕಾ ರಟಾನ್ ಎಂಬ ಊರಿನಲ್ಲಿ. ದೊಡ್ಡ ಯಂತ್ರಗಳ ನಿರ್ಮಾಣದಲ್ಲಿ ಅಪ್ರತಿಮವೆನಿಸಿದ್ದ ಐಬಿಎಂ ಕಂಪನಿಯು, ಸಣ್ಣ ಯಂತ್ರಗಳ ಪೇಟೆ ತನ್ನ ಕೈತಪ್ಪಿ ಹೋಗುತ್ತಿರುವುದನ್ನು ಕಂಡು, ಡಾನ್ ಎಸ್ಟ್ರಿಜ್ ಎಂಬಾತನ ನೇತೃತ್ವದಲ್ಲಿ ಒಂದು ಚಿಕ್ಕ ತಂಡವನ್ನು ಅಲ್ಲಿ ನೇಮಿಸಿ, ಸುಮಾರು ಒಂದು ವರ್ಷದೊಳಗೆ ಯಂತ್ರವು ಸಿದ್ಧವಾಗಬೇಕೆಂದು ವಿಧಿಸಿತು. ಎಲ್ಲವನ್ನೂ ತಾನೇ ತಯಾರಿಸಿಕೊಳ್ಳುವುದು ಐಬಿಎಂನ ಕುಲಾಚಾರವಾಗಿದ್ದರೂ, ಕಾಲಾವಕಾಶವಿಲ್ಲದ ಆ ತಂಡವು ಪೇಟೆಯಲ್ಲಿ ದೊರೆಯುವ ಬಿಡಿಭಾಗಗಳನ್ನೇ ಕೊಂಡು, ಇಂಟೆಲ್ ಕಂಪನಿಯ 8088 ಪ್ರೊಸೆಸರನ್ನು ನಡುವೆ ಇರಿಸಿ, ಹೊರಗಿನವರ ಕಾರ್ಡುಗಳನ್ನು ಚುಚ್ಚಿಕೊಳ್ಳಲು ಐದು ಸ್ಲಾಟುಗಳನ್ನು ಬಿಟ್ಟು, 1981ರ ಆಗಸ್ಟ್ 12ರಂದು ತನ್ನ ಪಿಸಿಯನ್ನು ಲೋಕದ ಮುಂದಿಟ್ಟಿತು. ಅಷ್ಟೇ ಅಲ್ಲ, ಬೋರ್ಡಿನ ವಿದ್ಯುತ್ ನಕ್ಷೆಗಳನ್ನೂ, ಯಂತ್ರವನ್ನು ಎಬ್ಬಿಸುವ ಬಯೋಸ್ ಎಂಬ ಮೂಲಕ್ರಮವಿಧಿಯ ಪೂರ್ಣ ಪಾಠವನ್ನೂ ಪುಸ್ತಕವಾಗಿ ಅಚ್ಚುಹಾಕಿಸಿ ಮಾರಿತು. ಔದಾರ್ಯವೆಂದು ಇದನ್ನು ಹೊಗಳುವವರುಂಟು. ನನ್ನ ಮಟ್ಟಿಗೆ ಇದು ಅವಸರದ ಫಲ. ಆ ಅವಸರವೇ ನಮ್ಮ ಭಾಗ್ಯವಾಯಿತೆಂಬುದು ಬೇರೆ ಮಾತು.

1983ರಲ್ಲಿ ಬಂದ ಎಕ್ಸ್‌ಟಿ ಮಾದರಿಯಲ್ಲಿ ಐದು ಸ್ಲಾಟುಗಳು ಎಂಟಾದವು. ಅಷ್ಟನ್ನು ಹಿಡಿಸಲೆಂದು, ಮೊದಲು ಒಂದು ಅಂಗುಲವಿದ್ದ ಸ್ಲಾಟುಗಳ ಅಂತರವನ್ನು ಸುಮಾರು 0.8 ಅಂಗುಲಕ್ಕೆ ಇಳಿಸಿದರು. ಪ್ರೊಸೆಸರ್ ಹೋಯಿತು, ಮೆಮೊರಿ ಹೋಯಿತು, ಆ ಸ್ಲಾಟುಗಳ ಜಾತಿಯೇ ಹೋಯಿತು. ಆದರೆ ಆ 0.8 ಅಂಗುಲದ ಅಂತರವು ಮಾತ್ರ, ಈ ವರ್ಷ ಕೊಂಡ ಬೋರ್ಡಿನಲ್ಲಿಯೂ ಅಳತೆಕೋಲಿಟ್ಟು ನೋಡಿದರೆ, ಹಾಗೆಯೇ ಇದೆ.

ಬಯೋಸ್ ಅಚ್ಚಾಗಿ ಕೈಗೆ ಸಿಕ್ಕರೂ ಅದನ್ನು ನಕಲುಮಾಡುವಂತಿರಲಿಲ್ಲ. ಕೃತಿಸ್ವಾಮ್ಯದ ಕಾನೂನು ಅಡ್ಡ ನಿಂತಿತ್ತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯನ್ನು ಬಿಟ್ಟುಬಂದ ಮೂವರು 1982ರಲ್ಲಿ ಸ್ಥಾಪಿಸಿದ ಕಾಂಪ್ಯಾಕ್ ಕಂಪನಿಯು ಇದಕ್ಕೊಂದು ಉಪಾಯವನ್ನು ಬಳಸಿತು: ಒಂದು ತಂಡವು ಐಬಿಎಂನ ಪಾಠವನ್ನು ಓದಿ, ಅದು ಏನೇನು ಮಾಡುತ್ತದೆಂಬುದನ್ನು ಮಾತ್ರ ಬರೆದುಕೊಡುವುದು, ಮೂಲವನ್ನು ಕಣ್ಣಿನಿಂದಲೂ ಕಾಣದ ಇನ್ನೊಂದು ತಂಡವು ಆ ಬರಹವನ್ನಷ್ಟೇ ಆಧರಿಸಿ ಹೊಸ ಬಯೋಸನ್ನು ರಚಿಸುವುದು. 1984ರ ಹೊತ್ತಿಗೆ ಫೀನಿಕ್ಸ್ ಕಂಪನಿಯು ಇಂಥದೇ ಬಯೋಸನ್ನು ಬೇಕೆಂದವರಿಗೆಲ್ಲ ಮಾರತೊಡಗಿತು. ತರುವಾಯ ಚಿಪ್ಸ್ ಅಂಡ್ ಟೆಕ್ನಾಲಜೀಸ್ ಎಂಬ ಕಂಪನಿಯು, ಐಬಿಎಂನ ಎಟಿ ಮಾದರಿಯ ಬೋರ್ಡಿನ ಮೇಲೆ ಹರಡಿಕೊಂಡಿದ್ದ ಬಹುಸಂಖ್ಯೆಯ ಬಿಡಿ ಚಿಪ್ಪುಗಳ ಕೆಲಸವನ್ನು ಐದೇ ಚಿಪ್ಪುಗಳ ಗುಂಪಿನಲ್ಲಿ, ಎಂದರೆ ಚಿಪ್‌ಸೆಟ್ಟಿನಲ್ಲಿ, ಅಡಗಿಸಿತು. ಬೋರ್ಡು ಚಿಕ್ಕದಾಯಿತು, ಅಗ್ಗವಾಯಿತು. ತೈವಾನಿನ ಕಾರ್ಖಾನೆಗಳು ‘ಬೇಬಿ ಎಟಿ’ ಎಂಬ ಹೆಸರಿನ ಚಿಕ್ಕ ಬೋರ್ಡುಗಳನ್ನು ರಾಶಿರಾಶಿಯಾಗಿ ಹೊರತಂದವು. ಯಾವ ಬೋರ್ಡನ್ನಾದರೂ ಯಾವ ಪೆಟ್ಟಿಗೆಗಾದರೂ ಕೂಡಿಸಬಹುದೆಂಬ ನಂಬಿಕೆ ಹುಟ್ಟಿದುದು ಆಗ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಯಂತ್ರಗಳಲ್ಲಿ ಮೈಕ್ರೋ ಚಾನಲ್ ಎಂಬ ಹೊಸ ಸ್ಲಾಟನ್ನಿಟ್ಟು, ಅದನ್ನು ಬಳಸಬೇಕೆಂದವರು ತನಗೆ ಕಾಣಿಕೆ ಸಲ್ಲಿಸಬೇಕೆಂದಾಗ, ಪೇಟೆಯು ಹಿಂಬಾಲಿಸಲಿಲ್ಲ. ತಂದೆಯ ಮಾತನ್ನು ಮಕ್ಕಳು ಮೀರಿ ಬೆಳೆದುಬಿಟ್ಟಿದ್ದರು.

ನಮ್ಮ ದೇಶದ ಕಥೆಯೂ ಇಲ್ಲಿಯೇ ಬಂದು ಸೇರುತ್ತದೆ. 1984ರ ನವೆಂಬರಿನಲ್ಲಿ ಘೋಷಿತವಾದ ಕಂಪ್ಯೂಟರ್ ನೀತಿಯು ಬಿಡಿಭಾಗಗಳ ಆಮದಿನ ಮೇಲಿದ್ದ ಕಟ್ಟುಪಾಡುಗಳನ್ನು ಸಡಿಲಿಸಿತು. 1997ರಲ್ಲಿ ಭಾರತವು ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದವು ಸುಂಕವನ್ನು ಕ್ರಮಕ್ರಮವಾಗಿ ತೊಡೆದುಹಾಕುವ ಹಾದಿಯನ್ನು ತೆರೆಯಿತು. ಕಂಪನಿಯ ಹೆಸರು ಹೊತ್ತ ಯಂತ್ರವನ್ನು ಕೊಳ್ಳಲಾರದ ಮಧ್ಯಮವರ್ಗದವರು, ಸಣ್ಣ ಕಚೇರಿಯವರು, ಅಚ್ಚುಕೂಟದವರು, ಬಿಡಿಭಾಗಗಳನ್ನು ತರಿಸಿ ಕೂಡಿಸಿಕೊಟ್ಟ ‘ಅಸೆಂಬಲ್ಡ್’ ಯಂತ್ರವನ್ನೇ ನೆಚ್ಚಿದರು.

ಬೇಬಿ ಎಟಿಯಲ್ಲಿ ಒಂದು ಅಪಾಯವಿತ್ತು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಬರುವ ತಂತಿಗಳು ಎರಡು ಒಂದೇ ಬಗೆಯ ಕನೆಕ್ಟರುಗಳಲ್ಲಿ ಬರುತ್ತಿದ್ದುವು. ಎರಡರ ಕಪ್ಪು ತಂತಿಗಳೂ ನಡುವೆ ಒಂದನ್ನೊಂದು ಕೂಡುವಂತೆ ಚುಚ್ಚಬೇಕು, ಅದಲುಬದಲಾದರೆ ಬೋರ್ಡು ಸುಟ್ಟುಹೋಗುವ ಸಂಭವವಿತ್ತು. ರಿಪೇರಿಯ ಕೆಲಸ ಕಲಿಯಲು ಬಂದ ಹುಡುಗನಿಗೆ ‘ಕಪ್ಪಿಗೆ ಕಪ್ಪು’ ಎಂಬುದೇ ಮೊದಲ ಪಾಠ. 1995ರಲ್ಲಿ ಇಂಟೆಲ್ ಪ್ರಕಟಿಸಿದ ಎಟಿಎಕ್ಸ್ ಎಂಬ ಅಳತೆಯ ಕ್ರಮವು, ತಲೆಕೆಳಗಾಗಿ ಕೂರದ ಒಂದೇ 20 ಪಿನ್ನಿನ ಕನೆಕ್ಟರನ್ನು ತಂದು ಈ ಭಯವನ್ನು ನಿವಾರಿಸಿತು. ಬೋರ್ಡಿನ ಅಳತೆ 12 ಅಂಗುಲಕ್ಕೆ 9.6 ಅಂಗುಲವೆಂದೂ, ಹಿಂಬದಿಯ ಕಿಂಡಿ ಇಷ್ಟೇ ಇರತಕ್ಕದ್ದೆಂದೂ, ಸ್ಕ್ರೂಗಳ ತೂತುಗಳು ಇಂಥಲ್ಲಿಯೇ ಇರತಕ್ಕದ್ದೆಂದೂ ಅದು ವಿಧಿಸಿತು. ಎರಡು ವರ್ಷಗಳ ತರುವಾಯ ಅದರ ಚಿಕ್ಕ ರೂಪವಾದ, 9.6 ಅಂಗುಲ ಚೌಕದ ಮೈಕ್ರೋ ಎಟಿಎಕ್ಸ್ ಬಂದಿತು. ದೊಡ್ಡ ಕ್ಯಾಬಿನೆಟ್ಟಿನಲ್ಲಿ ಚಿಕ್ಕ ಬೋರ್ಡು ಕೂರುವುದು, ಚಿಕ್ಕದರಲ್ಲಿ ದೊಡ್ಡದು ಕೂರದು. ಎಟಿಎಕ್ಸ್ ಕ್ರಮವನ್ನು ಬದಲಿಸಲು ಇಂಟೆಲ್ ತಾನೇ ಬಿಟಿಎಕ್ಸ್ ಎಂಬ ಇನ್ನೊಂದು ಕ್ರಮವನ್ನು ತಂದು, ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಹೀಗೆ ಪೆಟ್ಟಿಗೆಯ ಮಟ್ಟಿಗೆ ಮೂರು ದಶಕಗಳ ಶಾಂತಿ ಲಭಿಸಿದೆ.

ಒಳಗೆ ಶಾಂತಿಯಿಲ್ಲ. ಸಾಕೆಟ್ 7 ಎಂಬ ಪ್ರೊಸೆಸರ್ ಗೂಡಿನ ಕಾಲದಲ್ಲಿ ಇಂಟೆಲ್, ಎಎಂಡಿ, ಸೈರಿಕ್ಸ್ ಮೂವರ ಪ್ರೊಸೆಸರುಗಳೂ ಒಂದೇ ಬೋರ್ಡಿನಲ್ಲಿ ಕೂರುತ್ತಿದ್ದುವೆಂದರೆ ಇಂದಿನ ತರುಣರು ನಂಬಲಾರರು. 1997ರಲ್ಲಿ ಪೆಂಟಿಯಂ 2ರೊಡನೆ ಇಂಟೆಲ್ ತನ್ನದೇ ಆದ ಸ್ಲಾಟಿಗೆ ಸರಿದು ಆ ಸಹಪಂಕ್ತಿ ಭೋಜನವನ್ನು ಮುಗಿಸಿತು. ಎಎಂಡಿ ತನ್ನ ದಾರಿಯನ್ನು ತಾನು ನೋಡಿಕೊಂಡಿತು. ಒಂದೇ ಮನೆಯವರ ನಡುವೆಯೂ ಭೇದಗಳು ಬಂದುವು. 2004ರಲ್ಲಿ ಬಂದ ಎಲ್‌ಜಿಎ 775 ಎಂಬ ಸಾಕೆಟ್ಟಿನಲ್ಲಿ ಪೆಂಟಿಯಂ 4 ಕೂರುತ್ತದೆ, 2006ರ ಕೋರ್ 2 ಕೂಡ ಕೂರುತ್ತದೆ. ಆದರೆ 915 ಚಿಪ್‌ಸೆಟ್ಟಿನ ಬೋರ್ಡಿನ ಮೇಲೆ ಕೋರ್ 2ನ್ನು ಇರಿಸಿದರೆ, ಜಾತಕದಲ್ಲಿ ನಕ್ಷತ್ರ ಕೂಡಿಯೂ ಗಣ ಕೂಡದೆ ನಿಂತ ಸಂಬಂಧದಂತೆ, ಯಂತ್ರವು ಎಚ್ಚರಗೊಳ್ಳುವುದೇ ಇಲ್ಲ. ಸಾಕೆಟ್ಟಿನ ಹೆಸರನ್ನೊಂದೇ ಕೇಳಿ ಬೋರ್ಡು ಕೊಳ್ಳಬಾರದೆನ್ನುವುದು ಈ ಕಾರಣದಿಂದ. ರ‍್ಯಾಮಿನದೂ ಇದೇ ಕಥೆ. ಡಿಡಿಆರ್ 2, ಡಿಡಿಆರ್ 3 ಎರಡಕ್ಕೂ 240 ಸಂಪರ್ಕಗಳು, ಉದ್ದವೂ ಒಂದೇ, ಆದರೆ ನಡುವಿನ ಕಚ್ಚು ಸ್ವಲ್ಪ ಸರಿದಿದೆ, ವೋಲ್ಟೇಜು 1.8ರಿಂದ 1.5ಕ್ಕೆ ಇಳಿದಿದೆ.

ಬದಲಿ ಬೋರ್ಡಿನ ವ್ಯಾಪಾರವು ಲೋಕದಾದ್ಯಂತ ಕುದುರಿದುದು ಒಂದು ವಿಪತ್ತಿನಿಂದ ಎಂದರೆ ಅತಿಶಯವಲ್ಲ. ಶತಮಾನದ ಸಂಧಿಯಲ್ಲಿ ತಯಾರಾದ ಅಸಂಖ್ಯ ಬೋರ್ಡುಗಳ ಕೆಪಾಸಿಟರುಗಳಲ್ಲಿ ತುಂಬಿದ್ದ ದ್ರವದ ಪಾಕವು ದೋಷಯುಕ್ತವಾಗಿದ್ದು, ಒಳಗೊಳಗೇ ಅನಿಲವನ್ನು ಹುಟ್ಟಿಸಿ, ಆ ಪುಟ್ಟ ಡಬ್ಬಿಗಳ ನೆತ್ತಿಯನ್ನು ಉಬ್ಬಿಸಿ, ಕಡೆಗೆ ಕಂದುಬಣ್ಣದ ರಸವನ್ನು ಹೊರಸೂಸುತ್ತಿತ್ತು. ಪ್ರೊಸೆಸರ್, ರ‍್ಯಾಮ್, ಡಿಸ್ಕುಗಳು ನೆಟ್ಟಗಿದ್ದೂ ಬೋರ್ಡೊಂದೇ ಅಕಾಲದಲ್ಲಿ ಸತ್ತ ಯಂತ್ರಗಳು ಅಂಗಡಿಗಳಿಗೆ ಬಂದು ಬಿದ್ದುವು. ಬೆಸುಗೆಯ ಕಡ್ಡಿ ಹಿಡಿದು ಕೆಪಾಸಿಟರುಗಳನ್ನಷ್ಟೇ ಬದಲಿಸುವ ಕುಶಲರಿಗೂ ಆಗ ಕೈತುಂಬ ಕೆಲಸ. ಉಬ್ಬಿದ ಕೆಪಾಸಿಟರಿನ ಬೋರ್ಡನ್ನು ಇಂದಿಗೂ ಮೊದಲು ಅಂಥವರಿಗೆ ತೋರಿಸುವುದು ವಿವೇಕ.

ದೊಡ್ಡ ಕಂಪನಿಗಳ ಯಂತ್ರಗಳಲ್ಲಿ ಎಟಿಎಕ್ಸ್‌ನ ಸಾರ್ವತ್ರಿಕ ಧರ್ಮವು ಎಲ್ಲ ಕಾಲಕ್ಕೂ ನಡೆದಿಲ್ಲ. 1990ರ ದಶಕದ ಕೊನೆಯ ವರ್ಷಗಳಲ್ಲಿ ಡೆಲ್ ಕಂಪನಿಯ ಹಲವು ಡೆಸ್ಕ್‌ಟಾಪುಗಳ ವಿದ್ಯುತ್ ಕನೆಕ್ಟರು ನೋಡಲು ಎಟಿಎಕ್ಸ್‌ನಂತೆಯೇ ಇದ್ದರೂ ಒಳಗಿನ ತಂತಿಗಳ ಕ್ರಮ ಬೇರೆಯಾಗಿತ್ತು. ಸಾಮಾನ್ಯ ಬೋರ್ಡಿಗೆ ಅದನ್ನು ಚುಚ್ಚಿದವರಿಗೆ ನಷ್ಟ ಕಟ್ಟಿಟ್ಟದ್ದು. ಹೊರಗೆ ಸಮಾನತೆಯ ವೇಷ, ಒಳಗೆ ಪ್ರತ್ಯೇಕತೆ: ಇದಕ್ಕಿಂತ ನೇರವಾಗಿ ಬೇರೆ ಆಕಾರದ ಕನೆಕ್ಟರನ್ನೇ ಇಟ್ಟಿದ್ದರೆ ಅದು ಹೆಚ್ಚು ಪ್ರಾಮಾಣಿಕವಾಗುತ್ತಿತ್ತೆಂದು ಹೇಳದೆ ವಿಧಿಯಿಲ್ಲ.

ಇಂಟೆಲ್ ಮರೆತ ಚಿಪ್‌ಸೆಟ್ಟುಗಳನ್ನು ಪೇಟೆ ಮರೆತಿಲ್ಲ. 2011ರ ಎಚ್61 ಚಿಪ್‌ಸೆಟ್ಟಿನ ಬೋರ್ಡುಗಳು, ಮೂಲ ಕಂಪನಿಗಳು ಕೈಬಿಟ್ಟು ಬಹುಕಾಲವಾದ ಮೇಲೂ, ಸಣ್ಣ ಹೆಸರುಗಳಲ್ಲಿ ಹೊಸದಾಗಿ ತಯಾರಾಗಿ ನಮ್ಮ ಅಂಗಡಿಗಳಿಗೆ ಬರುತ್ತಿವೆ. ಆದುದರಿಂದ ಬದಲಿಯನ್ನು ಅರಸಿ ಹೊರಡುವವರು, ಹಳೆಯ ಬೋರ್ಡಿನ ಮೇಲೆ ಅಚ್ಚಾಗಿರುವ ಮಾದರಿಯ ಹೆಸರನ್ನೂ, ಪ್ರೊಸೆಸರಿನ ನೆತ್ತಿಯ ಮೇಲಿನ ಸಂಖ್ಯೆಯನ್ನೂ, ರ‍್ಯಾಮಿನ ಚೀಟಿಯನ್ನೂ ಬರೆದುಕೊಂಡು, ಸಾಧ್ಯವಾದರೆ ಬೋರ್ಡನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಲಿ. ಪ್ರೊಸೆಸರು ಹೊಸ ಬೋರ್ಡಿನ ತಯಾರಕರ ಪಟ್ಟಿಯಲ್ಲಿದೆಯೇ ಎಂದು ನೋಡದೆ ಹಣ ಎಣಿಸದಿರಲಿ. ಹಿಂಬದಿಯ ಕಿಂಡಿಗೆ ಹಾಕುವ ತಗಡಿನ ಪಟ್ಟಿಯನ್ನು ಬೋರ್ಡಿನೊಡನೆಯೇ ಕೇಳಿ ಪಡೆಯಲಿ, ಏಕೆಂದರೆ ಒಂದು ಬೋರ್ಡಿನ ಪಟ್ಟಿ ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಬೋರ್ಡಿನೊಡನೆ ಪ್ರೊಸೆಸರನ್ನೂ ರ‍್ಯಾಮನ್ನೂ ಬದಲಿಸಲೇಬೇಕೆಂದು ಅಂಗಡಿಯವರು ಹೇಳುವ ಪಕ್ಷದಲ್ಲಿ, ಹಳೆಯ ಜಾತಿಯ ಭಾಗಗಳಿಗೆ ಹಣ ಸುರಿಯದೆ ಈಗಿನವನ್ನೇ ಕೊಳ್ಳಿ. ಕ್ಯಾಬಿನೆಟ್ಟು ಎಟಿಎಕ್ಸ್ ಆಗಿದ್ದರೆ ಅದನ್ನು ಮಾತ್ರ ಎಸೆಯಬೇಡಿ.