ಬೈಲಿನ ಅಂಗಳದಲ್ಲಿ ದಪ್ಪ ಎಲೆಯ ಗಿಡಗಳು

ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡಗಳಲ್ಲಿ ಹೆಚ್ಚಿನವು ಒಣನಾಡಿನವು. ಕೊಡಿಯಾಲ್‌ಬೈಲ್ ಅದಕ್ಕೆ ತೀರ ವಿರುದ್ಧವಾದ ನೆಲ. ಕೊಡಿಯಾಲ್ ಎಂಬುದು ಕೊಂಕಣಿಯಲ್ಲಿ ಮಂಗಳೂರಿನ ಹೆಸರು. ಬೈಲ್ ಎಂದರೆ ತಗ್ಗಿನ ಗದ್ದೆಬಯಲು. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಮಿಕ್ಕಿ ಸುರಿಯುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಇಲ್ಲಿ ಈ ಗಿಡ ಸಾಕುವುದೆಂದರೆ ನೀರುಣಿಸುವುದಕ್ಕಿಂತ ನೀರು ತಪ್ಪಿಸುವ ಕೆಲಸ.

ಕರಾವಳಿಯ ಮನೆಗಳಿಗೆ ರಸತುಂಬಿದ ಎಲೆ ಹೊಸದೇನಲ್ಲ. ಬಚ್ಚಲ ನೀರು ಹರಿಯುವಲ್ಲಿ ಬುಡ ಊರಿ, ಅಡಕೆ ದಬ್ಬೆಯ ಚಪ್ಪರಕ್ಕೆ ಹಬ್ಬಿಸಿದ ಬಸಳೆಯಿಲ್ಲದ ಹಿತ್ತಿಲು ಹಿಂದೆ ಅಪರೂಪ. ಆದರೆ ಬಸಳೆ ನೀರು ಬೇಡುವ ಬಳ್ಳಿ. ಅದರ ಹೆಸರನ್ನೇ ಪಡೆದ ಕಾಡುಬಸಳೆಯ ಗುಣ ಬೇರೆ. ಮಡಗಾಸ್ಕರ್ ಮೂಲದ ಈ ಗಿಡದ ಎಲೆಯೊಂದು ನೆಲಕ್ಕೆ ಬಿದ್ದರೆ ಸಾಕು, ಅಂಚಿನ ಕಚ್ಚುಗಳಿಂದ ಬೇರುಸಹಿತ ಮರಿಗಳು ಏಳುತ್ತವೆ.

ಸಕ್ಯುಲೆಂಟ್‌ಗಳ ಒಳಗುಟ್ಟಿನ ಒಂದು ಎಳೆ ಸಿಕ್ಕಿದ್ದೂ ಈ ಎಲೆಯಲ್ಲೇ. ಟಿಪ್ಪುವಿನ ಪತನದ ಬಳಿಕ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಸಸ್ಯಶಾಸ್ತ್ರಜ್ಞ ಬೆಂಜಮಿನ್ ಹೈನೆ ಕಾಡುಬಸಳೆಯ ಎಲೆಯನ್ನು ಹೊತ್ತುಹೊತ್ತಿಗೆ ಜಗಿದು ನೋಡಿದರು. ಬೆಳಗ್ಗೆ ಚೆನ್ನಾಗಿ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ. ಇದನ್ನು ಅವರು ಲಂಡನ್ನಿನ ಲಿನಿಯನ್ ಸೊಸೈಟಿಗೆ ತಿಳಿಸಿದರು. ಬರಹ 1815ರಲ್ಲಿ ಅಚ್ಚಾಯಿತು. ಬಿಸಿಲಲ್ಲಿ ನೀರು ಆವಿಯಾಗದಂತೆ ಈ ಗಿಡಗಳು ಎಲೆಯ ರಂಧ್ರಗಳನ್ನು ರಾತ್ರಿ ತೆರೆಯುತ್ತವೆ, ಆಗ ಎಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಡುತ್ತವೆ, ಹಗಲಲ್ಲಿ ಅದನ್ನು ಬಳಸಿ ಆಹಾರ ತಯಾರಿಸುತ್ತವೆ. ಬೆಳಗಿನ ಹುಳಿ ಆ ಆಮ್ಲದ್ದು. ನಾಲಗೆಯೊಂದನ್ನೇ ಉಪಕರಣ ಮಾಡಿಕೊಂಡು ಕಂಡದ್ದು ಇಷ್ಟು ದೂರ ಹೋಯಿತೆಂಬುದು ಸಸ್ಯಶಾಸ್ತ್ರದ ಅತಿ ಸುಂದರ ಸಂಗತಿಗಳಲ್ಲೊಂದು.

ಮಂಗಳೂರಿನಲ್ಲಿ ಇಂಥ ಗಿಡಗಳಿಗೆ ಒದಗಿಬಂದದ್ದು ಹಂಚು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚಿನ ಮಾಡು ಊರಿಗೆಲ್ಲ ಹಬ್ಬಿತು. ಇಳಿಮಾಡಿನಡಿಯ ಜಗಲಿಯಲ್ಲಿ ಲೋಳೆಸರದ ಕುಂಡ ತುಳುವರ ಆಟಿ ತಿಂಗಳ ಮಳೆಯಲ್ಲೂ ಒಣಗಿಯೇ ಇರುತ್ತದೆ. ಒಡೆದ ಹಂಚೂ ವ್ಯರ್ಥವಲ್ಲ: ಅಂಗೈಯಗಲದ ಚೂರನ್ನು ಕುಂಡದ ತೂತಿನ ಮೇಲೆ ಕವಚಿಟ್ಟರೆ ಮಣ್ಣು ನಿಲ್ಲುತ್ತದೆ, ನೀರು ಇಳಿಯುತ್ತದೆ. ಮೇಲೆ ಹೊಯಿಗೆ, ಮುರಕಲ್ಲಿನ ಹರಳು, ಒಂದಿಷ್ಟು ಸುಡುಮಣ್ಣು ಬೆರೆಸಿ ತುಂಬಿದರಾಯಿತು.

ಈ ಹವೆಗೆ ಒಗ್ಗಿದ ಕಳ್ಳಿಯೂ ಒಂದಿದೆ. ಮನೆಮಂದಿ ಬ್ರಹ್ಮಕಮಲ ಎನ್ನುವ ಗಿಡ ಮೆಕ್ಸಿಕೊ, ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಮೇಲೆ ಬೆಳೆಯುವ ಕಳ್ಳಿ. ಹಿಮಾಲಯದ ಬ್ರಹ್ಮಕಮಲಕ್ಕೂ ಇದಕ್ಕೂ ನಂಟಿಲ್ಲ. ಎಲೆಯಂತೆ ಕಾಣುವುದು ಚಪ್ಪಟೆ ಕಾಂಡ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಜೋತುಬೀಳುವ ಹೂ ನೋಡಲು ನೆರೆಕರೆಯವರನ್ನು ಕರೆಯುವ ರೂಢಿ ಬೆಳೆದಿದೆ. ಗಿಡ ಮನೆಯಿಂದ ಮನೆಗೆ ಹಬ್ಬಿದ್ದು ಹೀಗೆ ಬಂದವರು ಕೇಳಿ ಒಯ್ದ ತುಂಡುಗಳಿಂದ.

ಈಗ ಕೊಡಿಯಾಲ್‌ಬೈಲಿನಲ್ಲಿ ಗದ್ದೆಯ ಜಾಗಕ್ಕೆ ಫ್ಲ್ಯಾಟುಗಳು ಬಂದಿವೆ. ಜಗಲಿಯ ಕೆಲಸ ಬಾಲ್ಕನಿಯದ್ದು. ನರ್ಸರಿಯಿಂದ ತಂದ ಎಚೆವೇರಿಯ, ಅಡೀನಿಯಂಗಳ ಕುಂಡಗಳನ್ನು ಮೇ ತಿಂಗಳ ಕೊನೆಗೆ, ತುಳುವರ ಪತ್ತನಾಜೆ ದಿನದ ಹೊತ್ತಿಗೆ, ಮಳೆ ತಾಗದಲ್ಲಿಗೆ ಸರಿಸಬೇಕು. ಗಾಳಿಯೇ ತೇವವಾಗಿರುವ ಆ ತಿಂಗಳುಗಳಲ್ಲಿ ನೀರು ಬಹುತೇಕ ಬೇಡ. ಬುಡ ಮೆತ್ತಗಾಗಿ ಕಂದಿದರೆ ಕೊಳೆ ಹಿಡಿದಿದೆಯೆಂದೇ ಅರ್ಥ. ಆಗ ಮೇಲಿನ ಗಟ್ಟಿ ಭಾಗವನ್ನು, ಕೊಯ್ದಲ್ಲಿ ಕಂದುಬಣ್ಣ ಕಾಣದವರೆಗೆ ಕತ್ತರಿಸಿ, ನಾಲ್ಕೈದು ದಿನ ನೆರಳಲ್ಲಿ ಆರಿಸಿ ಒಣ ಹೊಯಿಗೆಯಲ್ಲಿ ಊರಿದರೆ ಮತ್ತೆ ಬೇರು ಬಿಡುತ್ತದೆ.