ಓಟಿಲ್ಲದ ಅಭ್ಯರ್ಥಿ

1884ರಲ್ಲಿ ಅಮೆರಿಕದ ಅಧ್ಯಕ್ಷ ಪದವಿಗೆ ಒಬ್ಬ ಹೆಂಗಸು ನಿಂತಿದ್ದಳು. ತನ್ನ ಓಟನ್ನು ತನಗೇ ಹಾಕಿಕೊಳ್ಳುವ ಹಕ್ಕು ಮಾತ್ರ ಆಕೆಗಿರಲಿಲ್ಲ. ಬೆಲ್ವಾ ಲಾಕ್‌ವುಡ್ ವಕೀಲೆ. ಕಾನೂನಿನ ಸಂದು ಆಕೆಗೆ ಗೊತ್ತಿತ್ತು. ಹೆಂಗಸು ಓಟು ಹಾಕಕೂಡದು ಎಂದಿತ್ತೇ ಹೊರತು, ಗಂಡಸರ ಓಟು ಪಡೆಯಬಾರದೆಂದು ಎಲ್ಲೂ ಬರೆದಿರಲಿಲ್ಲ.

ಹುಟ್ಟಿದ್ದು 1830ರಲ್ಲಿ, ನ್ಯೂಯಾರ್ಕ್ ರಾಜ್ಯದ ಒಂದು ರೈತರ ಮನೆಯಲ್ಲಿ. ಹದಿನಾಲ್ಕಕ್ಕೇ ಶಾಲೆಯಲ್ಲಿ ಪಾಠ ಹೇಳಲು ನಿಂತಳು. ಅದೇ ಕೆಲಸಕ್ಕೆ ಗಂಡಸು ಮೇಷ್ಟರಿಗೆ ಎರಡರಷ್ಟು ಸಂಬಳ! ಹದಿನೆಂಟಕ್ಕೆ ಮದುವೆ, ಇಪ್ಪತ್ತೆರಡಕ್ಕೆ ವೈಧವ್ಯ, ಕಂಕುಳಲ್ಲೊಂದು ಹೆಣ್ಣುಮಗು. ಮಗುವನ್ನು ತವರಿನಲ್ಲಿ ಬಿಟ್ಟು ಕಾಲೇಜು ಸೇರಿದಳು. ಆ ಹೊತ್ತಿಗೆ ಎಷ್ಟು ಮಾತು ಕೇಳಿರಬೇಕೆಂದು ನಾವು ಊಹಿಸಬಲ್ಲೆವು.

1866ರಲ್ಲಿ ವಾಷಿಂಗ್ಟನ್‌ಗೆ ಬಂದು ನೆಲೆಸಿದಳು. ಅಲ್ಲಿ ಎಝೆಕಿಯಲ್ ಲಾಕ್‌ವುಡ್ ಎಂಬ ದಂತವೈದ್ಯರೊಡನೆ ಎರಡನೆಯ ಮದುವೆಯಾಯಿತು. ನಲವತ್ತರ ಹತ್ತಿರದಲ್ಲಿ ಕಾನೂನು ಓದುವ ಆಸೆ. ಒಂದು ಕಾಲೇಜು ಸೇರಿಸಿಕೊಳ್ಳಲಿಲ್ಲ. ಹೆಂಗಸನ್ನು ಕಂಡರೆ ಹುಡುಗರ ಗಮನ ಕೆಡುತ್ತದಂತೆ. ಗಮನ ಕೆಡುವುದು ಯಾರದೋ, ಮನೆಯಲ್ಲಿ ಕೂರಬೇಕಾದವರು ಯಾರೋ! ನ್ಯಾಷನಲ್ ಯೂನಿವರ್ಸಿಟಿ ಸೇರಿಸಿಕೊಂಡಿತು. ಆದರೆ ಓದು ಮುಗಿದ ಮೇಲೆ, ಹೆಂಗಸರ ಜೊತೆ ಪದವಿ ಪಡೆಯಲು ಹುಡುಗರು ಒಪ್ಪಲಿಲ್ಲವೆಂದು ಪ್ರಮಾಣಪತ್ರ ಕೊಡಲಿಲ್ಲ. ಆ ಸಂಸ್ಥೆಗೆ ಹೆಸರಿಗೆ ಮುಖ್ಯಸ್ಥರಾಗಿದ್ದವರು ದೇಶದ ಅಧ್ಯಕ್ಷ ಗ್ರಾಂಟ್. ಬೆಲ್ವಾ 1873ರಲ್ಲಿ ನೇರವಾಗಿ ಅವರಿಗೇ ಪತ್ರ ಹಾಕಿದಳು: ನೀವು ಮುಖ್ಯಸ್ಥರು ಹೌದಾದರೆ ನನ್ನ ಪತ್ರ ಕೊಡಿಸಿ, ಅಲ್ಲವಾದರೆ ಸಂಸ್ಥೆಯ ಕಾಗದಗಳಿಂದ ನಿಮ್ಮ ಹೆಸರು ತೆಗೆಸಿ, ಎಂಬರ್ಥದಲ್ಲಿ. ಉತ್ತರ ಬರಲಿಲ್ಲ; ಪ್ರಮಾಣಪತ್ರ ಬಂತು.

ಅಷ್ಟಕ್ಕೇ ಮುಗಿಯಲಿಲ್ಲ. 1874ರಲ್ಲಿ ಒಂದು ಕೋರ್ಟು, ನೀನು ಮದುವೆಯಾದವಳು ಎಂದು ತಡೆಯಿತು. ಗಂಡನ ಒಪ್ಪಿಗೆಯಿಲ್ಲದೆ ಕರಾರು ಮಾಡಲಾಗದ ಹೆಂಗಸು ಕಕ್ಷಿದಾರರ ಪರವಾಗಿ ನಿಲ್ಲುವುದು ಹೇಗೆ? 1876ರಲ್ಲಿ ಸುಪ್ರೀಂ ಕೋರ್ಟು, ಹಾಗೆ ರೂಢಿಯಿಲ್ಲ ಎಂದಿತು. ರೂಢಿಯಿಲ್ಲದಿದ್ದರೆ ಕಾನೂನೇ ಮಾಡಿಸೋಣವೆಂದು ಆಕೆ ಸಂಸತ್ತಿನ ಮೆಟ್ಟಿಲು ತುಳಿದಳು, ಒಂದಲ್ಲ ಎರಡಲ್ಲ, ಮೂರು ವರ್ಷ. ಅಷ್ಟರಲ್ಲಿ, 1877ರಲ್ಲಿ, ಗಂಡ ತೀರಿಕೊಂಡರು. 1879ರ ಫೆಬ್ರವರಿಯಲ್ಲಿ ಕಾನೂನಾಯಿತು. ಮಾರ್ಚ್ 3ರಂದು ಸುಪ್ರೀಂ ಕೋರ್ಟಿನ ಮೊದಲ ವಕೀಲೆಯಾಗಿ ಬೆಲ್ವಾ ಒಳಗೆ ಹೋದಳು.

ನನಗೆ ಇದಕ್ಕಿಂತ ಮೆಚ್ಚುಗೆಯಾದದ್ದು ಮರುವರ್ಷ ನಡೆದದ್ದು. ಅಲಬಾಮಾದ ಕಪ್ಪು ವಕೀಲ ಸ್ಯಾಮ್ಯುಯೆಲ್ ಲೋವರಿಯನ್ನು ಅದೇ ಕೋರ್ಟಿಗೆ ಸೇರಿಸಿಕೊಳ್ಳಬೇಕೆಂದು ಆತನ ಪರವಾಗಿ ನಿಂತವಳು ಈಕೆಯೇ.

ಚುನಾವಣೆಯಲ್ಲಿ ಗೇಲಿಗೇನೂ ಬರವಿರಲಿಲ್ಲ. ಗಂಡಸರು ಹೆಂಗಸರ ಬಟ್ಟೆ ತೊಟ್ಟು ಮೆರವಣಿಗೆ ಹೊರಟರು. ಓಟಿನ ಹಕ್ಕಿಗಾಗಿ ಹೋರಾಡುತ್ತಿದ್ದ ದೊಡ್ಡ ನಾಯಕಿಯರೂ ಆಕೆಯ ಬೆನ್ನಿಗೆ ನಿಲ್ಲಲಿಲ್ಲ. ಬೆಲ್ವಾ ಮಾತ್ರ ಮೂರು ಚಕ್ರದ ಸೈಕಲ್ ತುಳಿಯುತ್ತ ವಾಷಿಂಗ್ಟನ್ನಿನ ಬೀದಿಗಳಲ್ಲಿ ತನ್ನ ಕೆಲಸಕ್ಕೆ ಓಡಾಡುತ್ತಿದ್ದಳು. ನಾಲ್ಕು ಸಾವಿರಕ್ಕೂ ಹೆಚ್ಚು ಓಟು ಬಂದವು, ಅಷ್ಟೂ ಗಂಡಸರವೇ. 1888ರಲ್ಲಿ ಮತ್ತೆ ನಿಂತಳು.

ಅಮೆರಿಕದ ಸಂವಿಧಾನ ಹೆಂಗಸರ ಓಟನ್ನು ಒಪ್ಪಿದ್ದು 1920ರಲ್ಲಿ. ಬೆಲ್ವಾ 1917ರಲ್ಲೇ ತೀರಿಕೊಂಡಿದ್ದಳು. ವಕೀಲಿಕೆಯನ್ನಂತೂ ಮುಪ್ಪಿನಲ್ಲೂ ಬಿಟ್ಟಿರಲಿಲ್ಲ. 1906ರಲ್ಲಿ, ಎಪ್ಪತ್ತೈದು ದಾಟಿದ ಮೇಲೆ, ನೆಲ ಕಳೆದುಕೊಂಡ ಚೆರೋಕಿ ಜನರ ಪರವಾಗಿ ಅದೇ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದಳು. ಸರ್ಕಾರ ಅವರಿಗೆ ಸುಮಾರು 50 ಲಕ್ಷ ಡಾಲರ್ ಕೊಡಬೇಕಾಯಿತು.