ತೂಬು ಬರೆದ ಪಂಚಾಂಗ

1944ರ ವಸಂತದಲ್ಲಿ ಅಮೆರಿಕದ ಟೆನೆಸಿ ರಾಜ್ಯದ ನಾರಿಸ್ ಜಲಾಶಯದಲ್ಲಿ ಒಂದು ಹಳೆಯ ಕಟ್ಟಳೆ ಸಡಿಲವಾಯಿತು. ಲಾರ್ಜ್‌ಮೌತ್ ಬ್ಯಾಸ್ ಎಂಬ ಆ ದೊಡ್ಡ ಬಾಯಿಯ ಹಸಿರು ಮೀನು ಮೊಟ್ಟೆಯಿಡುವ ತಿಂಗಳುಗಳಲ್ಲಿ ಯಾರೂ ಗಾಳ ಹಾಕಬಾರದು ಎಂಬ ನಿಷೇಧವನ್ನು ಪ್ರಯೋಗಕ್ಕೆಂದು ತೆಗೆದರು. ವರ್ಷದ ಯಾವ ದಿನ ಬೇಕಾದರೂ ದೋಣಿ ಇಳಿಸಿ ಮೀನು ಹಿಡಿಯಬಹುದಾಯಿತು. ಆ ದೇಶದ ಮೀನುಗಾರಿಕೆಯ ಚರಿತ್ರೆ ಬರೆಯುವವರು ಇದನ್ನು ಮೂಢನಂಬಿಕೆಯ ಮೇಲೆ ವಿಜ್ಞಾನದ ಗೆಲುವು ಎಂದು ಹೇಳುವುದು ವಾಡಿಕೆ. ಲೆಕ್ಕ ಹಾಕಿ ನೋಡಿದರು, ನಿಷೇಧ ಬೇಡವೆಂದು ಕಂಡಿತು, ತೆಗೆದರು. ಈ ಕಥೆ ಅರ್ಧ ಮಾತ್ರ ಸರಿ ಎಂದು ನನ್ನ ವಾದ. ಮೀನಿಗೆ ಬಿಡುವು ಕೊಡುವ ಅಧಿಕಾರ ಅಂದು ಕೈ ಬದಲಾಯಿಸಿತು, ಅಷ್ಟೆ. ದಂಡ ಹಾಕುವ ಕಾವಲುಗಾರನ ಕೈಯಿಂದ ಅದು ಅಣೆಕಟ್ಟಿನ ತೂಬು ಎತ್ತಿ ಇಳಿಸುವವರ ಕೈಗೆ ಹೋಯಿತು.

ಮೊದಲು ಆ ನಿಷೇಧದ ಹಿಂದಿದ್ದ ವಿಚಾರ ನೋಡೋಣ. ಬ್ಯಾಸ್ ನಮ್ಮ ಕಾಟ್ಲಾ, ರೋಹುಗಳಂತೆ ಪ್ರವಾಹದ ನೀರಿಗೆ ಮೊಟ್ಟೆ ಚೆಲ್ಲಿ ಹೋಗಿಬಿಡುವ ಜಾತಿಯಲ್ಲ. ವಸಂತದಲ್ಲಿ ನೀರು ಬೆಚ್ಚಗಾಗುತ್ತಾ ಫ್ಯಾರನ್‌ಹೀಟ್ ಮಾಪಕದಲ್ಲಿ 60 ಡಿಗ್ರಿ ದಾಟಿದಾಗ ಗಂಡು ಮೀನು ದಡದ ಹತ್ತಿರ, ಆಳ ಕಡಿಮೆ ಇರುವ ಕಡೆ ಬರುತ್ತದೆ. ಬಾಲವನ್ನು ಪೊರಕೆಯಂತೆ ಬೀಸಿ ಕೆಸರು ಸರಿಸುತ್ತದೆ. ಕೆಳಗಿನ ಹರಳುಗಲ್ಲು ಕಾಣುವಷ್ಟು ಚೊಕ್ಕಟವಾದ, ದೊಡ್ಡ ಹರಿವಾಣದಂಥ ಗುಂಡನೆಯ ತಗ್ಗು ಸಿದ್ಧವಾಗುತ್ತದೆ. ಹೆಣ್ಣು ಅದರಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಹೊರಟುಹೋಗುತ್ತದೆ. ಮೊಟ್ಟೆ ಒಡೆಯುವವರೆಗೂ, ಆಮೇಲೆ ಮರಿಗಳು ಗುಂಪಾಗಿ ಈಜಾಡುವಷ್ಟು ದಿನವೂ, ಗಂಡು ಅಲ್ಲಿಂದ ಕದಲುವುದಿಲ್ಲ. ಹತ್ತಿರ ಏನು ಬಂದರೂ, ಗಾಳದ ಹುಳವೇ ಆಗಲಿ, ಮೇಲೆ ಬಿದ್ದು ಕಚ್ಚುತ್ತದೆ. ಹಸಿವಿಗಲ್ಲ, ಮರಿಗಳನ್ನು ಕಾಯುವ ಸಿಟ್ಟಿಗೆ. ಇಂಥ ಕಾವಲುಗಾರನನ್ನು ಎತ್ತಿಕೊಂಡು ಹೋದರೆ ಗೂಡು ಹಾಳು ಎನ್ನುವುದು ಯಾರಿಗಾದರೂ ಹೊಳೆಯುವ ತರ್ಕ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಆರಂಭದಲ್ಲಿ ಯಾಂತ್ರೀಕೃತ ದೋಣಿಗಳನ್ನು ದಡಕ್ಕೆ ಕಟ್ಟಿಹಾಕುವುದರ ಹಿಂದೆಯೂ ಸುಮಾರು ಇದೇ ವಿಚಾರವಿದೆ. (ಈ ಮೀನಿನ ಕುಲಕ್ಕೆ ಶಾಸ್ತ್ರದಲ್ಲಿ ಮೈಕ್ರಾಪ್ಟರಸ್, ಅಂದರೆ ‘ಸಣ್ಣ ರೆಕ್ಕೆಯದು’ ಎಂದು ಹೆಸರು. 1802ರಲ್ಲಿ ಫ್ರಾನ್ಸಿನ ಲಾಸೆಪೆದ್ ಹೆಸರಿಟ್ಟಾಗ ಅವನ ಮುಂದಿದ್ದ ಮೀನಿನ ಬೆನ್ನಿನ ರೆಕ್ಕೆ ಹರಿದುಹೋಗಿತ್ತು. ಹರಿದ ತುಂಡನ್ನೇ ಅವನು ಬೇರೆ ರೆಕ್ಕೆ ಎಂದುಕೊಂಡ. ಮೊದಲ ದಿನದಿಂದಲೂ ಈ ಮೀನಿನ ವಿಷಯದಲ್ಲಿ ಕಣ್ಣಿಗೆ ಕಂಡದ್ದನ್ನೇ ಪೂರ್ತಿ ನಂಬುವಂತಿಲ್ಲ.)

ಆದರೆ ಈ ತರ್ಕ ಹುಟ್ಟಿದ್ದು ಹೊಳೆ, ಸಹಜ ಕೆರೆಗಳ ದಡದಲ್ಲಿ. ನಾರಿಸ್ ಅಂಥದ್ದಲ್ಲ. ರೂಸ್‌ವೆಲ್ಟ್ 1933ರ ಮೇ ತಿಂಗಳಲ್ಲಿ ಸಹಿ ಹಾಕಿದ ಕಾಯ್ದೆಯಿಂದ ಹುಟ್ಟಿದ ಟೆನೆಸಿ ಕಣಿವೆ ಪ್ರಾಧಿಕಾರ, ಅಂದರೆ ಟಿವಿಎ, ಕಟ್ಟಿದ ಮೊದಲ ಅಣೆಕಟ್ಟು ಇದು; ಸ್ವತಂತ್ರ ಭಾರತ 1948ರಲ್ಲಿ ದಾಮೋದರ ಕಣಿವೆ ನಿಗಮ ಮಾಡಿಕೊಂಡಾಗ ಮುಂದಿಟ್ಟುಕೊಂಡ ಮಾದರಿಯೂ ಇದೇ ಟಿವಿಎ. ಕ್ಲಿಂಚ್ ನದಿಗೆ ಅಡ್ಡಲಾಗಿ 265 ಅಡಿ ಎತ್ತರದ ಕಟ್ಟೆ ಎದ್ದು, 1936ರ ಮಾರ್ಚ್‌ನಲ್ಲಿ ಗೇಟು ಮುಚ್ಚಿದಾಗ, ಕ್ಲಿಂಚ್ ಮತ್ತು ಪೊವೆಲ್ ಕಣಿವೆಗಳ ಹೊಲಮನೆಗಳು ಮುಳುಗಿದವು. ಒಕ್ಕಲೆದ್ದ ಕುಟುಂಬಗಳು ಸುಮಾರು 2,900. ಅಗೆದು ಬೇರೆಡೆಗೆ ಸಾಗಿಸಿದ ಗೋರಿಗಳು 5,000ಕ್ಕೂ ಹೆಚ್ಚು. ಲಾಯ್ಸ್‌ಟನ್ ಎಂಬ ಊರು ನೀರಿನಡಿ ಹೋಯಿತು. ಮುಳುಗಡೆಯ ಸಂಕಟ ಬಲ್ಲ ಶರಾವತಿ, ಕೃಷ್ಣಾ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೀನಿನ ಮಟ್ಟಿಗೆ ಮುಖ್ಯವಾದದ್ದು ಆ ನೀರು ಏರಿಳಿಯುವ ಕ್ರಮ. ಕನ್ನಂಬಾಡಿಯ ಮಟ್ಟವನ್ನು ಪತ್ರಿಕೆಯಲ್ಲಿ ದಿನವೂ ನೋಡುವ ನಮಗೆ ಅಣೆಕಟ್ಟೆಂದರೆ ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಬರಿದಾಗುವುದು. ನಾರಿಸ್‌ನಲ್ಲಿ ಹಾಗಲ್ಲ. ಅಲ್ಲಿ ಪ್ರವಾಹದ ಭಯ ಇರುವುದು ಚಳಿಗಾಲ ಮತ್ತು ವಸಂತದ ಆರಂಭದಲ್ಲಿ. ಹಾಗಾಗಿ ಶರತ್ಕಾಲದಿಂದಲೇ ನೀರನ್ನು ಹತ್ತಾರು ಅಡಿ ಇಳಿಸಿ ಜಾಗ ಖಾಲಿ ಮಾಡಿಟ್ಟುಕೊಂಡು, ವಸಂತದಲ್ಲಿ ಮತ್ತೆ ತುಂಬಿಸುತ್ತಾರೆ. ಚಳಿಗಾಲದಲ್ಲಿ ಸುತ್ತಲೂ ಕೆಂಪು ಜೇಡಿಮಣ್ಣಿನ ಬೋಳು ದಿಣ್ಣೆಗಳು. ದೋಣಿಕಟ್ಟೆಗಳು ನೀರಿನೊಂದಿಗೆ ಏರಿ ಇಳಿಯಲಿ ಎಂದು ಅವುಗಳನ್ನೇ ತೇಲುವಂತೆ ಕಟ್ಟಿದ್ದಾರೆ.

ಈಗ ಆ ಗೂಡನ್ನು ಇಲ್ಲಿಗೆ ತಂದು ಇಟ್ಟು ನೋಡಿ. ಏಪ್ರಿಲ್ ಕೊನೆಯ ಒಂದು ದಿನ, ಮೊಳಕಾಲುದ್ದದ ನೀರಿನಲ್ಲಿ, ಹರಳುಗಲ್ಲಿಗೆ ಅಂಟಿಕೊಂಡ ಹಳದಿ ಮೊಟ್ಟೆಗಳು, ಮೇಲೆ ಸುತ್ತು ಹಾಕುತ್ತಿರುವ ಗಂಡು. ಕೆಳಗಿನ ಊರುಗಳಿಗೆ ವಿದ್ಯುತ್ ಬೇಕೆಂದು ಕಟ್ಟೆಯಲ್ಲಿ ಟರ್ಬೈನು ತಿರುಗಿ, ಮೂರು ದಿನದಲ್ಲಿ ಎರಡಡಿ ನೀರು ಇಳಿದರೆ ಗಂಡು ಆಳಕ್ಕೆ ಸರಿದು ಬದುಕುತ್ತದೆ, ಮೊಟ್ಟೆ ಬಿಸಿಲಿಗೆ ಒಣಗಿ ಕಲ್ಲಿನ ಮೇಲಿನ ಕಲೆಯಾಗುತ್ತದೆ. ಒಬ್ಬ ಗಾಳದವನು ಒಂದು ಗೂಡಿನ ಕಾವಲು ಕಿತ್ತರೆ, ಇಳಿಯುವ ನೀರು ಇಡೀ ದಡದ ಗೂಡುಗಳನ್ನು ಒಂದೇ ಏಟಿಗೆ ಮುಗಿಸಬಲ್ಲದು. ಕಾನೂನು ಗಾಳದವನನ್ನು ತಡೆಯುತ್ತಿತ್ತು. ನೀರಿಳಿತವನ್ನು ಅದು ಕೇಳಲೇ ಇಲ್ಲ.

ಜಲಾಶಯಗಳು ಮೊದಲ ಕೆಲವು ವರ್ಷ ಮೀನಿನಿಂದ ತುಂಬಿ, ಆಮೇಲೆ ನೀರಿನ ಮರುಭೂಮಿಯಾಗುತ್ತವೆ ಎಂಬ ಎಚ್ಚರಿಕೆ 1930ರ ದಶಕದಲ್ಲಿ ಕೇಳಿಬರುತ್ತಿತ್ತು. ಅದಕ್ಕೇ ಟಿವಿಎ ಮರಿ ಸಾಕುವ ಕೊಳಗಳನ್ನು ಕಟ್ಟಿ ಬಿತ್ತನೆಗೆ ಹೊರಟಿತ್ತು. ಅಲ್ಲಿನ ಜೀವವಿಜ್ಞಾನಿ ಆರ್. ಡಬ್ಲ್ಯೂ. ಎಶ್‌ಮೇಯರ್ ಮತ್ತು ಸಂಗಡಿಗರು ಮಾಡಿದ ಕೆಲಸ ನೋಡಲು ಸಾದಾ: ದೋಣಿಕಟ್ಟೆಯಲ್ಲಿ ನಿಂತು, ಮರಳಿ ಬಂದವರ ಬುಟ್ಟಿಯಲ್ಲಿ ಏನಿದೆ, ಎಷ್ಟು ಹೊತ್ತಿಗೆ ಸಿಕ್ಕಿತು ಎಂದು ಬರೆದುಕೊಳ್ಳುವುದು; ಮೀನಿಗೆ ಗುರುತುಪಟ್ಟಿ ಕಟ್ಟಿ ಬಿಟ್ಟು, ಎಷ್ಟು ವಾಪಸು ಬರುತ್ತವೆ ಎಂದು ಎಣಿಸುವುದು; ಹುರುಪೆಯ ಮೇಲಿನ ಬಳೆಗಳನ್ನು ಮರದ ಸುತ್ತುಗಳಂತೆ ಎಣಿಸಿ ವಯಸ್ಸು ಕಂಡುಹಿಡಿಯುವುದು. ಗಾಳಕ್ಕೆ ಸಿಗುತ್ತಿದ್ದದ್ದು ಹಿಡಿಯಬಹುದಾದ ಮೀನಿನಲ್ಲಿ ಒಂದು ಸಣ್ಣ ಪಾಲು ಮಾತ್ರ ಎಂದು ಹೊರಬಿತ್ತು. ಬ್ಯಾಸ್ ಇಲ್ಲಿ ಬೇಗ ಬೆಳೆಯುತ್ತಿತ್ತು, ಬೇಗ ಮುದಿಯಾಗುತ್ತಿತ್ತು. ಹಿಡಿಯದೆ ಬಿಟ್ಟದ್ದು ಹೇಗೂ ಸಾಯುತ್ತಿತ್ತು. ಮರಿಗಳಿಗೂ ಕೊರತೆಯಿರಲಿಲ್ಲ. ಹಾಗಿದ್ದ ಮೇಲೆ ವಸಂತದ ನಿಷೇಧದಿಂದ ಉಳಿಯುವುದೇನು? ಈ ಪ್ರಶ್ನೆಯಿಂದಲೇ 1944ರ ಪ್ರಯೋಗ ಹುಟ್ಟಿತು. ಫಲಿತಾಂಶವನ್ನು ಎಶ್‌ಮೇಯರ್ ಮತ್ತು ಮ್ಯಾಂಜಸ್ 1945ರಲ್ಲಿ ಪ್ರಕಟಿಸಿದರು. ವರ್ಷವಿಡೀ ತೆರೆದಿಟ್ಟರೂ ನಂತರದ ತಿಂಗಳುಗಳ ಹಿಡಿತ ಬಿದ್ದುಹೋಗಲಿಲ್ಲ.

ಆದರೆ 1944 ಯುದ್ಧಕಾಲ ಎಂದು ಯಾರಾದರೂ ತಕರಾರು ತೆಗೆದರೆ ಅದರಲ್ಲಿ ತಿರುಳಿದೆ. ಪೆಟ್ರೋಲಿಗೂ ಟೈರಿಗೂ ಪಡಿತರ, ಹರೆಯದ ಗಂಡಸರು ಸೈನ್ಯದಲ್ಲಿ. ಜಲಾಶಯದವರೆಗೆ ಬಂದು ಗಾಳ ಹಾಕುವವರು ಎಷ್ಟು ಮಂದಿ ಉಳಿದಿದ್ದಾರು? ಜನವೇ ಕಡಿಮೆಯಿದ್ದ ವರ್ಷ ಬಾಗಿಲು ತೆರೆದು, ನೋಡಿ ಮೀನು ಕರಗಲಿಲ್ಲ ಎನ್ನುವುದು ಹಬ್ಬ ಮುಗಿದ ಮರುದಿನ ಜಾತ್ರೆಯ ಜನ ಎಣಿಸಿದಂತೆ. ಇನ್ನೊಂದು ಸಂದೇಹವೂ ಇದೆ: ಲೆಕ್ಕ ಬರೆದದ್ದು ಟಿವಿಎಯಿಂದ ಸಂಬಳ ಪಡೆಯುತ್ತಿದ್ದವರು. ಊರು ಮುಳುಗಿಸಿದ ಸಂಸ್ಥೆಗೆ ತನ್ನ ನೀರು ಮೀನಿನಿಂದ ತುಂಬಿದೆ, ಪ್ರವಾಸಿಗರು ಬರುತ್ತಾರೆ ಎಂದು ತೋರಿಸುವ ಗರಜಿತ್ತು. ನಾನು ಈ ಎರಡನ್ನೂ ತಳ್ಳಿಹಾಕುವುದಿಲ್ಲ. ಒಂದೇ ವರ್ಷದ ಪುರಾವೆ ಅಷ್ಟು ದೊಡ್ಡ ತೀರ್ಮಾನದ ಭಾರ ಹೊರುವಂತಿರಲಿಲ್ಲ. ಅದನ್ನು ಹೊತ್ತದ್ದು ಮುಂದಿನ ದಶಕಗಳು. ಯುದ್ಧ ಮುಗಿದು ಕಾರು, ಮೋಟಾರು ದೋಣಿ, ರಜೆ ಎಲ್ಲ ಹೆಚ್ಚಿ, ಹಿಡಿಯುವವರು ಹಲವು ಪಟ್ಟಾದರು. ಆದರೂ ಟೆನೆಸಿಯ ದೊಡ್ಡ ಜಲಾಶಯಗಳು ವಸಂತದಲ್ಲಿ ಮತ್ತೆ ಮುಚ್ಚಲಿಲ್ಲ, ಬ್ಯಾಸ್ ಅಳಿಯಲೂ ಇಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಉತ್ತರದಿಂದ ಬಂದದ್ದು. ಇಲಿನಾಯ್ಸ್‌ನ ಡೇವಿಡ್ ಫಿಲಿಪ್ ಮತ್ತು ಜೊತೆಯವರು 1990ರ ದಶಕದಲ್ಲಿ ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಗೂಡು ಕಾಯುವ ಗಂಡುಗಳನ್ನು ಹಿಡಿದು ಬಿಟ್ಟು ನೋಡಿದರು. ಮೀನು ಮೇಲೆ ಇದ್ದಷ್ಟು ಹೊತ್ತಿನಲ್ಲಿ ಸಣ್ಣ ಮೀನುಗಳು ಗೂಡಿಗೆ ನುಗ್ಗಿ ಮೊಟ್ಟೆ ಮುಕ್ಕುತ್ತಿದ್ದವು. ಎಷ್ಟೋ ಗಂಡುಗಳು ಮರಳಿ ಬಂದು ಅಳಿದುಳಿದ ಗೂಡನ್ನು ಬಿಟ್ಟೇ ಹೋಗುತ್ತಿದ್ದವು. ಹಿಡಿದು ಬಿಟ್ಟರೆ ತೊಂದರೆಯಿಲ್ಲ ಎನ್ನುವವರಿಗೆ ಇದು ನೇರ ಉತ್ತರ, ಮತ್ತು ಒಂದು ಗೂಡಿನ ಮಟ್ಟಿಗೆ ಫಿಲಿಪ್ ತಂಡದ್ದೇ ಸರಿ. ಆದರೆ ಗೂಡಿನ ಲೆಕ್ಕವೇ ನೀರಿನ ಲೆಕ್ಕವಲ್ಲ. ಉತ್ತರದ ಚಳಿನೀರಿನಲ್ಲಿ ಬೇಸಗೆ ಗಿಡ್ಡ, ಬ್ಯಾಸ್ ಪ್ರಾಯಕ್ಕೆ ಬರಲು ಹೆಚ್ಚು ವರ್ಷ ಬೇಕು, ಕೆಟ್ಟ ವಸಂತವೊಂದರ ನಷ್ಟ ತುಂಬುವುದು ನಿಧಾನ. ಸಹಜ ಕೆರೆಯ ಮಟ್ಟವೂ ಹೆಚ್ಚು ಕದಲುವುದಿಲ್ಲವಾದ್ದರಿಂದ ಅಲ್ಲಿ ಗೂಡಿಗೆ ಮನುಷ್ಯರ ಕಡೆಯಿಂದ ಬರುವ ದೊಡ್ಡ ಅಪಾಯ ನಿಜಕ್ಕೂ ಗಾಳವೇ. ದಕ್ಷಿಣದ ಜಲಾಶಯದಲ್ಲಿ ಉಳಿದ ಒಂದಿಷ್ಟು ಗೂಡುಗಳೇ ಆ ನೀರು ಸಾಕಬಲ್ಲಷ್ಟು ಮರಿ ಕೊಟ್ಟುಬಿಡುತ್ತವೆ. ಆಮೇಲೆ ಎಷ್ಟು ಮರಿ ಬದುಕುತ್ತವೆ ಎನ್ನುವುದನ್ನು ಬಹುಮಟ್ಟಿಗೆ ನಿರ್ಧರಿಸುವುದು ನೀರು ದಡದ ಹುಲ್ಲುಪೊದೆಗಳವರೆಗೆ ಏರಿ ಕೆಲವು ವಾರ ನಿಲ್ಲುತ್ತದೆಯೋ ಇಲ್ಲವೋ ಎಂಬುದು. ಆ ಪೊದೆಯೇ ಮರಿಗಳಿಗೆ ಅಡಗುತಾಣ, ಅಡಿಗೆಮನೆ. ನಾರಿಸ್‌ನ ತೀರ್ಮಾನವನ್ನು ಒಂಟಾರಿಯೊಗೆ ಹೊತ್ತೊಯ್ಯುವುದು ಎಷ್ಟು ತಪ್ಪೋ, ಒಂಟಾರಿಯೊದ್ದನ್ನು ನಾರಿಸ್‌ಗೆ ತರುವುದೂ ಅಷ್ಟೇ ತಪ್ಪು.

ಕಾನೂನು ಸರಿದ ಮೇಲೆ ಋತುವನ್ನು ಬೇರೆಯವರೂ ತಿದ್ದಿದರು, ಚುಟುಕಾಗಿ ಹೇಳುವೆ. 1950ರ ದಶಕದ ಕೊನೆಗೆ ಕಾರ್ಲ್ ಲೋರೆನ್ಸ್ ದೋಣಿಯಲ್ಲಿ ಇಟ್ಟುಕೊಳ್ಳುವಂಥ ಸೋನಾರ್ ಪೆಟ್ಟಿಗೆ ತಂದ. ಬೇಸಗೆಯಲ್ಲಿ ಮುಳುಗಿದ ಹಳೆಯ ನದಿಪಾತ್ರದ ಅಂಚಿಗೆ ಬ್ಯಾಸ್ ಇಳಿದು ನಿಂತರೂ, ಶರತ್ಕಾಲದಲ್ಲಿ ಶ್ಯಾಡ್ ಮೀನಿನ ಹಿಂಡನ್ನು ಅಟ್ಟಿಕೊಂಡು ಹಿನ್ನೀರಿನ ಕೊರಕಲುಗಳಿಗೆ ನುಗ್ಗಿದರೂ, ಗಾಳದವನು ಬೆನ್ನು ಹತ್ತಬಹುದಾಯಿತು. 1967ರಲ್ಲಿ ಅಲಬಾಮಾದ ವಿಮಾ ಏಜೆಂಟ್ ರೇ ಸ್ಕಾಟ್, ಆರ್ಕನ್ಸಾದಲ್ಲಿ ಹೊಸದಾಗಿ ತುಂಬಿದ್ದ ಬೀವರ್ ಜಲಾಶಯದಲ್ಲಿ ಹಣದ ಪಂದ್ಯ ನಡೆಸಿದ. 1971ರಲ್ಲಿ ಅವನ ‘ಕ್ಲಾಸಿಕ್’ ಪಂದ್ಯ ಮೀಡ್ ಜಲಾಶಯದಲ್ಲಿ ಆರಂಭವಾಯಿತು. ಮರುವರ್ಷ ಹಿಡಿದ ಮೀನನ್ನು ಜೀವಂತ ಬಿಡಬೇಕೆಂಬ ಪ್ರಚಾರ ಹೊರಟಿತು. ಒಳ್ಳೆಯದೇ, ಆದರೆ ಪಂದ್ಯದ ದಿನಾಂಕ ನೋಡಿ ರಜೆ ಹಾಕುವವರಿಗೆ ಮೀನಿನ ಋತು ಕ್ರೀಡಾ ವೇಳಾಪಟ್ಟಿಯಾಗಿ ಹೋಯಿತು.

ತೂಬಿನ ವಿಷಯಕ್ಕೆ ಮರಳಿದರೆ, ಟಿವಿಎ ತಾನೇ ನನ್ನ ವಾದವನ್ನು ಒಪ್ಪಿಕೊಂಡಂತೆ ನಡೆದುಕೊಳ್ಳುತ್ತದೆ. ನಾರಿಸ್‌ನಂಥ ಉಪನದಿಗಳ ಜಲಾಶಯಗಳಲ್ಲಿ ಐದಡಿ ಆಳದ ನೀರು ಫ್ಯಾರನ್‌ಹೀಟ್‌ನಲ್ಲಿ 65 ಡಿಗ್ರಿ, ನಮ್ಮ ಲೆಕ್ಕದಲ್ಲಿ ಸುಮಾರು 18 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಎರಡು ವಾರ ಮಟ್ಟವನ್ನು ಆದಷ್ಟು ಕದಲದಂತೆ ಹಿಡಿದಿಡುವ ಪದ್ಧತಿ ಇದೆ. ಯಾರ ಗಾಳವನ್ನೂ ಯಾರೂ ತಡೆಯುವುದಿಲ್ಲ, ದಡದುದ್ದಕ್ಕೂ ದೋಣಿಗಳಿರುತ್ತವೆ. ನಿಷೇಧ ಇರುವುದು ಗೇಟಿಗೆ. ಮೇಲೆ ಬೆಟ್ಟಗಳಲ್ಲಿ ಮಳೆ ಜೋರಾದರೆ ಮಾತ್ರ ಆ ಎರಡು ವಾರ ಮುಗಿಯುವವರೆಗೂ ಕಾಯುವುದಿಲ್ಲ. ಪ್ರವಾಹ ತಡೆಯುವುದು ಮೊದಲು, ಗೂಡು ಆಮೇಲೆ.